ಉಪ್ಪಿಲ್ಲದ ಕಡುಬು

ನಮ್ಮತ್ತೆಯೂ ಅವರ ಅಣ್ಣನೂ ಮಾತು ಬಿಟ್ಟದ್ದು ಒಂದು ಪ್ರೆಷರ್ ಕುಕ್ಕರಿನ ದೆಸೆಯಿಂದ. ಆಸ್ತಿಗೆ ಹೊಡೆದಾಡಿದ್ದರೆ ಊರವರ ಮುಂದೆ ಒಂದು ಘನತೆಯಾದರೂ ಇರುತ್ತಿತ್ತು. ಕುಕ್ಕರಿಗೆ ಜಗಳ ಆಡಿದೆವು ಅಂತ ಯಾರ ಹತ್ತಿರ ಹೇಳಿಕೊಳ್ಳುವುದು?

ಆಗಿದ್ದು ಇಷ್ಟು. ತಂಗಿ ಸೌದೆ ಒಲೆ ಮುಂದೆ ಕಷ್ಟಪಡುತ್ತಾಳೆ ಅಂತ ಅಣ್ಣ ಹಾಸನದಿಂದ ಒಂದು ದೊಡ್ಡ ಕುಕ್ಕರ್ ತಂದುಕೊಟ್ಟರು. ಅತ್ತೆ ಅದನ್ನು ಒಂದೇ ಒಂದು ಸಲ ಒಲೆ ಮೇಲಿಟ್ಟರು. ಅದು ಸೀಟಿ ಹೊಡೆದ ಕೂಡಲೇ ಹಿತ್ತಿಲಿಗೆ ಓಡಿದವರು, ಒಲೆ ಪೂರ್ತಿ ಆರುವ ತನಕ ಒಳಗೆ ಕಾಲಿಡಲಿಲ್ಲವಂತೆ. ಆಮೇಲೆ ಕುಕ್ಕರಿನ ಮುಚ್ಚಳ ಅಟ್ಟ ಸೇರಿತು, ಪಾತ್ರೆ ಕೊಟ್ಟಿಗೆ ಸೇರಿತು. ಮುಂದಿನ ಹಬ್ಬಕ್ಕೆ ಊಟಕ್ಕೆ ಬಂದ ಅಣ್ಣ ಕೊಟ್ಟಿಗೆ ಕಡೆ ಸುತ್ತಾಡಲು ಹೋಗಿ, ತಾವು ಕೊಟ್ಟ ಕುಕ್ಕರಿನಲ್ಲಿ ಹಸುವಿಗೆ ಬೂಸಾ ಅಳೆಯುವುದನ್ನು ಕಣ್ಣಾರೆ ಕಂಡರು. ಎಲೆ ಮುಂದೆ ಕೂತ ಮೇಲೆ ಕೇಳಿಯೇ ಕೇಳಿದರು. ಅತ್ತೆ ಅನ್ನ ಬಡಿಸುತ್ತಲೇ, "ಹಸ ಪಾಪ ಸೀಟಿ ಹೊಡೀಲಿ ಅಂತ ಕೇಳಲ್ಲ ಕಣಣ್ಣ" ಅಂದರು. ಪಂಕ್ತಿಯಲ್ಲಿದ್ದವರೆಲ್ಲ ಘೊಳ್ಳೆಂದು ನಕ್ಕರು. ಅಣ್ಣ ಅರ್ಧ ಊಟದಲ್ಲಿ ಎದ್ದುಬಿಟ್ಟರು.

"ಇನ್ನು ಈ ಮನೆ ಉಪ್ಪು ಮುಟ್ಟಿದ್ರೆ ನಾನು ನಮ್ಮಪ್ಪನ ಮಗನೇ ಅಲ್ಲ!"

ಆ ಅಪ್ಪ ತಂಗಿಗೂ ಅಪ್ಪನೇ ಅನ್ನುವುದು ಆ ಸಿಟ್ಟಿನಲ್ಲಿ ಅವರಿಗೆ ಹೊಳೆದಿರಲಿಲ್ಲ. ಆದರೆ ನಮ್ಮ ಕಡೆ ಆಣೆ ಅಂದರೆ ಆಣೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಇದೆಲ್ಲ ನಾನು ಆ ಮನೆಗೆ ಬರುವ ಐದು ವರ್ಷ ಮೊದಲಿನ ಕಥೆ. ತೊಂಬತ್ತರ ದಶಕದ ನಡುವೆ ನಾನು ಅರಸೀಕೆರೆ ಕಡೆಯ ತೆಂಗಿನ ಸೀಮೆಯಿಂದ ಯಸಳೂರಿನ ಹತ್ತಿರದ ಕಾಫಿ ತೋಟದ ಮನೆಗೆ ಸೊಸೆಯಾಗಿ ಬಂದೆ. ಮಾವನವರು ಆಗಲೇ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ನನ್ನ ಗಂಡ, ನಾನು, ಮೂರೇ ಜನ. ಮದುವೆಯ ದಿನ ಗಂಡನ ಸೋದರಮಾವ, ಅಂದರೆ ಈ ಕುಕ್ಕರ್ ಮಾವ, ಬಂದು ಅಕ್ಷತೆ ಹಾಕಿ, ಊಟದ ಚಪ್ಪರದ ಕಡೆ ತಿರುಗಿಯೂ ನೋಡದೆ ಜೀಪು ಹತ್ತಿ ಹೋದರು. ಅತ್ತೆ ಹೊಸ ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ನಾನು, ನನ್ನನ್ನು ನೋಡಿಯೇ ಅಳುತ್ತಿದ್ದಾರೆ ಅಂದುಕೊಂಡೆ. ತಿಂಗಳು ಕಳೆದ ಮೇಲೆ, ನನ್ನ ಅಡುಗೆ ತಿಂದು ಅತ್ತಿದ್ದರೆ ನ್ಯಾಯವಿತ್ತು ಅನ್ನಿಸಿತು.

ಅಡುಗೆ ನನಗೆ ಬರುತ್ತಿರಲಿಲ್ಲ ಅಂತಲ್ಲ. ನನ್ನ ಅಡುಗೆ ಅಲ್ಲಿ ಯಾರಿಗೂ ಬೇಕಿರಲಿಲ್ಲ. ಮೊದಲನೇ ವಾರ ಹೆಮ್ಮೆಯಿಂದ ರಾಗಿ ಮುದ್ದೆ ತಿರುವಿ ಬಡಿಸಿದೆ. ನನ್ನ ಗಂಡ ಅದನ್ನು ನುಂಗುವ ಬದಲು ಅರ್ಧ ಗಂಟೆ ಅಗಿದರು. ಎರಡನೇ ವಾರ ಅಡುಗೆಮನೆಯ ಮೂಲೆಯಲ್ಲಿ ಒಂದು ಬಕೆಟ್ಟಿನ ತುಂಬ ಏಡಿಗಳು ಹರಿದಾಡುವುದನ್ನು ಕಂಡು, "ಇವನ್ನ ಸಾಕ್ತೀರಾ ಅತ್ತೆ?" ಅಂತ ಕೇಳಿದೆ. ಅಷ್ಟೇ. ಸಂಜೆಯೊಳಗೆ ಆ ಮಾತು ಕೂಲಿಯವರ ಲೈನ್ ಮನೆಗಳನ್ನೆಲ್ಲ ಸುತ್ತಿ, ಯಸಳೂರಿನ ಬಸ್ ಸ್ಟ್ಯಾಂಡಿಗೂ ಹೋಗಿ ಬಂತು. ತೋಟದ ಕೆಲಸಕ್ಕೆ ಬರುವ ಹೆಂಗಸರು ನನ್ನನ್ನು ಕಂಡಾಗಲೆಲ್ಲ, "ಅಮ್ಮಾರೇ, ಏಡಿಗೆ ಮೇವು ಹಾಕಿದ್ರಾ?" ಅನ್ನುತ್ತಿದ್ದರು. ಆ ದಿನ ನಿರ್ಧಾರ ಮಾಡಿದೆ: ಈ ಮನೆಯ ಅಡುಗೆಯ ವಿಷಯದಲ್ಲಿ ಇನ್ನು ಪ್ರಾಣ ಹೋದರೂ ಯಾರನ್ನೂ ಏನೂ ಕೇಳುವುದಿಲ್ಲ.

ಅತ್ತೆಗೆ ಇದ್ದದ್ದು ಒಂದೇ ಆಸೆ. "ನಾನು ಸಾಯೋದ್ರೊಳಗೆ ನಮ್ಮಣ್ಣ ಒಂದು ಸಲ ಈ ಮನೇಲಿ ಉಂಡ್ಬುಟ್ರೆ ಸಾಕು ಕಣೆ." ಅವರಿಗೆ ಆಗ ಐವತ್ತೈದೂ ಆಗಿರಲಿಲ್ಲ, ಮೆಣಸಿನ ಮೂಟೆ ಒಬ್ಬರೇ ಎತ್ತುತ್ತಿದ್ದರು. ಸಾಯುವ ಮಾತು ಬಾಯಿಗೆ ರೂಢಿಯಾಗಿತ್ತು ಅಷ್ಟೇ. ಆದರೆ ಅಣ್ಣನ ಮಾತು ಬಂದಾಗ ಮಾತ್ರ ಅವರ ದನಿ ನಿಜವಾಗಿಯೂ ಇಳಿಯುತ್ತಿತ್ತು. ನನಗೆ ಅವರ ಮೇಲೆ ಆಗ ಪ್ರೀತಿಯೇನೂ ಇರಲಿಲ್ಲ, ಆದರೂ ಆ ದನಿ ಕೇಳಿದರೆ ಮಾಡುತ್ತಿದ್ದ ಕೆಲಸ ಬಿಟ್ಟು ಅವರ ಕಡೆ ತಿರುಗುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಅತ್ತೆ ಕೋಳಿ ಸಾರು ಮಾಡಿಟ್ಟು, ತಲೆ ಬಾಚಿಕೊಂಡು, ಅಣ್ಣನನ್ನು ಮನೆಗೇ ಹೋಗಿ ಕರೆದು ತರುತ್ತೇನೆ ಅಂತ ಎಂಟು ಗಂಟೆಯ ಸಕಲೇಶಪುರದ ಬಸ್ಸಿಗೆ ಹೊರಟರು. ಹೊಸ್ತಿಲು ದಾಟುತ್ತಾ ನನಗೆ ಹೇಳಿದರು:

"ಸಾರು ಆಗೈತೆ, ಅದರ ತಂಟೆಗೆ ಹೋಗ್ಬ್ಯಾಡ. ನೀನು ಕಡುಬು ಒಂದು ಮಾಡಿಬುಡು. ಹತ್ತು ಜನಕ್ಕಾಗಂಗೆ ಮಾಡು. ಎಲ್ಲಾ ಡಬ್ಬದಲ್ಲೈತೆ."

ನಮ್ಮ ಅರಸೀಕೆರೆ ಸೀಮೆಯಲ್ಲಿ ಕಡುಬು ಅಂದರೆ ಗಣೇಶನಿಗೆ ಇಡುವ ಕಡುಬು. ಅಕ್ಕಿ ಹಿಟ್ಟಿನ ಹೊದಿಕೆ, ಒಳಗೆ ಕಾಯಿ, ಬೆಲ್ಲ, ಏಲಕ್ಕಿ. ಕೋಳಿ ಸಾರಿಗೆ ಸಿಹಿ ಕಡುಬೇ ಅಂತ ನನಗೂ ಒಂದು ಗಳಿಗೆ ಅನುಮಾನ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಈ ಜನ ಏಡಿ ತಿನ್ನುವವರು, ಹಂದಿ ತಿನ್ನುವವರು, ಬಿದಿರಿನ ಮೊಳಕೆಯನ್ನೂ ಬಿಡದೆ ತಿನ್ನುವವರು. ಕೋಳಿಯ ಜೊತೆ ಬೆಲ್ಲ ತಿಂದರೆ ಆಶ್ಚರ್ಯವೇನು? ಗಂಡ ಅಂಗಳದಲ್ಲೇ ಮೆಣಸು ಒಣಹಾಕುತ್ತಿದ್ದರು, ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಏಡಿಯ ಗಾಯ ಇನ್ನೂ ಹಸಿಯಾಗಿತ್ತು.

ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ಹಾಗೆ ಮಾಡಿದೆ. ತವರಿಂದ ತಂದ ತೆಂಗಿನಕಾಯಿ ಆರು ತುರಿದೆ. ನೀರು ಕುದಿಸಿ ಅಕ್ಕಿ ಹಿಟ್ಟು ಸುರಿದು, ಒಂದು ಚಮಚ ತುಪ್ಪ, ಒಂದು ಚಿಟಿಕೆ ಉಪ್ಪು ಹಾಕಿ ನಾದಿದೆ. ಸಿಹಿಗೂ ಚಿಟಿಕೆ ಉಪ್ಪು ಬೀಳದಿದ್ದರೆ ಹಿಟ್ಟು ಸಪ್ಪೆ ಹೊಡೆಯುತ್ತೆ ಅಂತ ನಮ್ಮಮ್ಮ ಕಲಿಸಿದ್ದು. ಬಾಳೆ ಎಲೆಯ ಮೇಲೆ ತಟ್ಟಿ, ಹೂರಣ ತುಂಬಿ, ಮಡಿಸಿ, ಅಂಚು ಒತ್ತಿ, ಒಟ್ಟು ಅರವತ್ತು ಕಡುಬು ಹಬೆಗಿಟ್ಟೆ. ಒಂದೂ ಒಡೆಯಲಿಲ್ಲ. ಆ ಮನೆಗೆ ಬಂದ ಮೇಲೆ ನನಗೆ ನನ್ನ ಮೇಲೆ ಗೌರವ ಬಂದದ್ದು ಅದೇ ಮೊದಲು.

ಒಂದು ಗಂಟೆಗೆ ಜೀಪು ಬಂತು. ಸೋದರಮಾವ, ಅವರ ಹೆಂಡತಿ, ಮಕ್ಕಳು, ಸೊಸೆಯರು, ಎಲ್ಲ ಸೇರಿ ಒಂಬತ್ತು ಜನ ಇಳಿದರು. ಅತ್ತೆ ಒಳಗೆ ಬಂದವರೇ ಪಿಸುಗುಟ್ಟಿದರು. "ಬಂದವ್ನೆ ಕಣೆ, ಆದ್ರೆ ಬರೀ ಕಾಫಿ ಅಂತೆ. ಕಾಫಿಗೆ ಉಪ್ಪು ಹಾಕಲ್ವಲ್ಲ, ಆಣೆ ಮುರಿಯಲ್ವಂತೆ. ಕಡುಬಿನ ಘಮ ಬಂದ್ರೆ ಮನಸು ಬದಲಾಗ್ತದೆ, ನಡಿ, ಬಡಿಸು." ಹೀಗಂದು ಹಬೆ ಪಾತ್ರೆಯ ಮುಚ್ಚಳ ತೆಗೆದರು.

ಒಂದು ಕಡುಬನ್ನು ಬೆರಳಿಂದ ಒತ್ತಿ ನೋಡಿದರು.

"ಇದೇನೇ ಇದು?"

"ಕಡುಬು ಅತ್ತೆ."

"ಯಾವ ದೇವ್ರಿಗೆ?"

ಆಗ ಗೊತ್ತಾಯಿತು. ಮಲೆನಾಡಿನ ಕಡುಬು ಅಂದರೆ ಅಕ್ಕಿ ತರಿಯನ್ನು ಉಪ್ಪು ನೀರಿನಲ್ಲಿ ಬೇಯಿಸಿ, ಉಂಡೆ ಕಟ್ಟಿ ಹಬೆಯಲ್ಲಿಡುವುದು. ಕೋಳಿ ಸಾರಿಗೆ ಅದು ಜೋಡಿ. ಅತ್ತೆ ಹೇಳಿದ ಡಬ್ಬದಲ್ಲಿ ಇದ್ದದ್ದು ಆ ತರಿ. ನಾನು ಅದರ ಪಕ್ಕದ ಡಬ್ಬದಿಂದ ರೊಟ್ಟಿಯ ಹಿಟ್ಟು ತೆಗೆದಿದ್ದೆ. ನನ್ನ ಗಂಡ ಬಾಗಿಲಲ್ಲಿ ನಿಂತು ಪಾತ್ರೆ ನೋಡಿ ನಗಲು ಶುರುಮಾಡಿದರು. ಅತ್ತೆ ಸೌಟು ಎತ್ತಿದ್ದು ಕಂಡು ನಗು ನುಂಗಿ ತೋಟದ ಕಡೆ ಜಾರಿಕೊಂಡರು. ಅತ್ತೆ ಬೈಯಲಿಲ್ಲ. ಮಣೆಯ ಮೇಲೆ ಕೂತು, "ಐದು ವರ್ಷ ಆದ್ಮೇಲೆ ಬಂದವ್ನೆ. ಅವನ ಮುಂದೆ ಏನಂತ ಇಡ್ಲಿ?" ಅಂದರು. ಬೈದಿದ್ದರೆ ನಾನೂ ತಿರುಗಿಸಿ ಏನಾದರೂ ಅನ್ನುತ್ತಿದ್ದೆ. ಅವರು ಹಾಗೆ ಕೂತದ್ದು ನೋಡಿ ನನಗೆ ಅಳು ಬಂತು.

ಅಷ್ಟರಲ್ಲಿ ಜಗಲಿಯಿಂದ ದನಿ ಕೇಳಿಸಿತು. "ಏನಮ್ಮೀ ಅದು, ಏಲಕ್ಕಿ ಘಮ?" ಅಂತ ಸೋದರಮಾವ ಕೇಳುತ್ತಿದ್ದರು.

ನಾನು ಎರಡು ಕಡುಬು ತಟ್ಟೆಗೆ ಹಾಕಿಕೊಂಡು ಹೋಗಿ ಅವರ ಮುಂದೆ ಹಿಡಿದೆ. ಯಾಕೆ ಹೋದೆನೋ ಈಗಲೂ ಗೊತ್ತಿಲ್ಲ, ಮಾನ ಹೇಗೂ ಹೋಗಿತ್ತು. ಅವರು ತಟ್ಟೆ ನೋಡಿದರು, ನನ್ನನ್ನು ನೋಡಿದರು.

"ಸೀ ಕಡುಬಾ?"

"ಹೂಂ ಮಾವ. ನಮ್ಮ ಕಡೇದು."

"ಇದಕ್ಕೆ ಉಪ್ಪು ಹಾಕಿದ್ದೀಯೇನವ್ವ?"

ಅತ್ತೆ ಬಾಗಿಲ ಮರೆಯಲ್ಲಿ ಬಂದು ನಿಂತದ್ದು ನನಗೆ ಕಾಣುತ್ತಿತ್ತು. ಚಿಟಿಕೆ ಉಪ್ಪು ಹಾಕಿದ ಬೆರಳು ನನ್ನ ಕೈಯಲ್ಲೇ ಇತ್ತು.

"ಇಲ್ಲ ಮಾವ, ಸಿಹಿಗೆ ಯಾರು ಉಪ್ಪು ಹಾಕ್ತಾರೆ?" ಅಂದೆ. ಶಾಲೆಯಲ್ಲಿ ಮೇಷ್ಟರ ಮುಂದೆ ಎಷ್ಟೋ ಸುಳ್ಳು ಹೇಳಿದ್ದೇನೆ, ಇಷ್ಟು ಸಲೀಸಾಗಿ ಯಾವತ್ತೂ ಬಂದಿರಲಿಲ್ಲ.

ಅವರು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತು ಅಗಿದರು. ಮತ್ತೆ ನನ್ನ ಮುಖ ನೋಡಿದರು. ಆಮೇಲೆ ಒಂದರ ಹಿಂದೊಂದು ಆರು ಕಡುಬು ತಿಂದು, "ಉಪ್ಪಿಲ್ಲ, ಆಣೆಗೆ ಏನೂ ಆಗಿಲ್ಲ" ಅಂತ ಎಲ್ಲರಿಗೂ ಕೇಳುವ ಹಾಗೆ ಸಾರಿದರು. ಮಿಕ್ಕವರಿಗೆ ಅತ್ತೆ ಗಡಿಬಿಡಿಯಲ್ಲಿ ರೊಟ್ಟಿ ಸುಟ್ಟು ಕೋಳಿ ಸಾರು ಬಡಿಸಿದರು. ಆ ದಿನ ಅವರು ರೊಟ್ಟಿ ತಟ್ಟುತ್ತಾ ಏನೋ ಗುನುಗುತ್ತಿದ್ದರು.

ಅಲ್ಲಿಂದ ಎರಡು ವರ್ಷ ಸೋದರಮಾವ ಆಗಾಗ ಬರತೊಡಗಿದರು. ಬಂದಾಗಲೆಲ್ಲ ಕಾಫಿ, ಬಾಳೆಹಣ್ಣು, ನನ್ನ ಉಪ್ಪಿಲ್ಲದ ಕಡುಬು. ಅದರಲ್ಲಿ ಚಿಟಿಕೆ ಉಪ್ಪು ಪ್ರತಿ ಸಲವೂ ಇರುತ್ತಿತ್ತು. ಮೊದಲ ಸಲ ಹೇಳಿದ ಸುಳ್ಳಿನ ರುಚಿ ಬದಲಾಗಬಾರದಲ್ಲ. ಅತ್ತೆ ಮಾತ್ರ ನನ್ನ ಮಾತನ್ನು ದೇವರ ಮಾತು ಅಂತ ನಂಬಿದ್ದರು. ಅಣ್ಣ ಬರುವ ದಿನವೆಲ್ಲ ಕೋಳಿ ಸಾರು ಮಾಡುವುದನ್ನೂ ಬಿಡಲಿಲ್ಲ. ಎಲ್ಲರೂ ಉಣ್ಣುತ್ತಿದ್ದರು, ಅಣ್ಣನೊಬ್ಬರು ಬಿಟ್ಟು. "ಉಂಡ ಅನ್ನೋ ಹೆಸರಿಗೆ ಉಂಡ, ನನ್ನ ಕೈ ಅಡುಗೆ ಅಂತೂ ಅವನ ಬಾಯಿಗೆ ಬೀಳಲಿಲ್ಲ" ಅಂತ ಒಂದು ದಿನ ಪಾತ್ರೆ ತೊಳೆಯುತ್ತಾ ಅಂದರು. ನನಗೆ ಪಾಪಪ್ರಜ್ಞೆ ಆಯಿತು, ಜೊತೆಗೆ ಸ್ವಲ್ಪ ಜಂಭವೂ ಆಯಿತು.

ಹೀಗಿರುವಾಗ ಒಂದು ಸಲ ಗಂಜಿ ಬಸಿಯಲು ಹೋಗಿ ಬಲಗೈ ಸುಟ್ಟುಕೊಂಡೆ. ಬಟ್ಟೆ ಸುತ್ತಿಕೊಂಡು ಕೂತಿದ್ದೆ. ಅದೇ ವಾರ ಸೋದರಮಾವ ಬರುವ ಸುದ್ದಿ ಬಂತು. "ನೀನು ಹೇಳು, ನಾನು ಮಾಡ್ತೀನಿ" ಅಂತ ಅತ್ತೆಯೇ ಸಿಹಿ ಕಡುಬಿಗೆ ಕೂತರು. ಹಿಟ್ಟು ನಾದುವಾಗ, "ಉಪ್ಪಂತೂ ಹಾಕಂಗಿಲ್ಲ, ಅದು ನಂಗೊತ್ತು" ಅಂದು ಉಪ್ಪಿನ ಡಬ್ಬವನ್ನು ಮೇಲಿನ ಗೂಡಿಗೆ ಎತ್ತಿಟ್ಟರು. ನಾನು ಬಾಯಿ ತೆರೆದೆ. ಹೇಳಿದರೆ ಎರಡು ವರ್ಷದ ಸುಳ್ಳು ಹೊರಗೆ ಬೀಳುತ್ತೆ, ಆಣೆ ಎಂದೋ ಮುರಿದದ್ದು ಗೊತ್ತಾದರೆ ಆ ಮನುಷ್ಯ ಮತ್ತೆ ಈ ಕಡೆ ತಲೆ ಹಾಕುತ್ತಾನೋ ಇಲ್ಲವೋ. ಬಾಯಿ ಮುಚ್ಚಿಕೊಂಡೆ.

ಸೋದರಮಾವ ಈಗ ಜಗಲಿ ಬಿಟ್ಟು ನಡುಮನೆಯಲ್ಲೇ ಕೂರುತ್ತಿದ್ದರು. ಎಲ್ಲರ ಜೊತೆ ಅವರ ಮುಂದೆಯೂ ತಟ್ಟೆ ಬಂತು. ಒಂದು ತುತ್ತು ಬಾಯಿಗಿಟ್ಟವರು ಅಗಿಯುವುದನ್ನು ನಿಲ್ಲಿಸಿದರು.

"ಏನೇ ಇದು, ಇವತ್ತು ಉಪ್ಪೇ ಹಾಕಿಲ್ವಲ್ಲ?"

ಅಂದಮೇಲೆ ಅವರಿಗೇ ಗೊತ್ತಾಯಿತು ಏನಂದೆ ಅಂತ. ಕಿವಿ ಕೆಂಪಗಾಯಿತು. ನನ್ನ ಗಂಡ ಕೂಡ ಈ ಸಲ ನಗಲಿಲ್ಲ. ಅತ್ತೆ ಅಣ್ಣನನ್ನೇ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಆ ನೋಟಕ್ಕೆ ನಾನು ಸುಟ್ಟ ಕೈಯನ್ನು ಮುಂದೆ ಮಾಡಿಕೊಂಡೆ, ಗಾಯಾಳುವಿಗೆ ಹೊಡೆಯಲಾರರು ಅಂತ. ಅವರು ತಿರುಗಿ ಒಳಗೆ ಹೋದರು. ಮೇಲಿನ ಗೂಡಿಗೆ ಕೈ ಹಾಕಿ ಉಪ್ಪು ತರುತ್ತಾರೆ ಅಂದುಕೊಂಡೆ.

ತಂದದ್ದು ಕೋಳಿ ಸಾರಿನ ಪಾತ್ರೆ. ಅಣ್ಣನ ಮುಂದೆ ಬಗ್ಗಿ, ಕೇಳದೆ ಮಾಡದೆ, ಆ ಸಿಹಿ ಕಡುಬಿನ ಮೇಲೆಯೇ ಒಂದು ಸೌಟು ಸುರಿದರು. ಬೆಲ್ಲದ ಹೂರಣದ ಮೇಲೆ ಖಾರದ ಸಾರು ಹರಿಯಿತು. ಸೋದರಮಾವ ತಲೆ ಎತ್ತದೆ ಕಡುಬು ಮುರಿದರು, ಸಾರಿನಲ್ಲಿ ಹೊರಳಿಸಿದರು, ಬಾಯಿಗಿಟ್ಟರು, ನುಂಗಿದರು.

"ಇನ್ನೊಂದು ಸೌಟು ಬುಡು" ಅಂದರು.

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ಇನ್ನೊಂದು ಸೌಟು ಸುರಿದರು. ಅರ್ಧ ಸಾರು ತಟ್ಟೆಗೆ ಬಿತ್ತು, ಅರ್ಧ ಅಣ್ಣನ ಪಂಚೆಗೆ ಬಿತ್ತು. ಅವರು ಪಂಚೆ ನೋಡಿಕೊಳ್ಳಲೂ ಇಲ್ಲ, ತಿನ್ನುತ್ತಲೇ ಇದ್ದರು.