ಸಂಪಿನೊಳಗೆ ಎಷ್ಟು ಜನ

ನನ್ನದು ಮೊದಲಿನಿಂದಲೂ ಬಾಯಿ ಜೋರು, ಕೈ ಅದಕ್ಕಿಂತ ಮುಂದೆ. ಆ ಕೈ ಒಮ್ಮೆ ಏನು ಮಾಡಿತು ಅನ್ನುವುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಎರಡು ಸಾವಿರದ ಐದೋ ಆರೋ ಇರಬೇಕು. ಗೋವಿಂದರಾಜನಗರದ ನಮ್ಮ ಮನೆಗೆ ಕಾವೇರಿ ನೀರು ಎರಡು ದಿನಕ್ಕೊಮ್ಮೆ, ಅದೂ ದಾರದಷ್ಟು ಬರುತ್ತಿತ್ತು. ಡ್ರಮ್ಮು, ಬಿಂದಿಗೆ ಜೋಡಿಸಿ ಜೋಡಿಸಿ ಸಾಕಾಗಿ, ಕಡೆಗೂ ಗೇಟಿನ ಪಕ್ಕ ನೀರು ತುಂಬಿಡಲು ಸಂಪು ತೋಡಿಸಿದೆವು. ಆಳೆತ್ತರದ ಗುಂಡಿ. ನೋಡಲು ಬಂದವರೆಲ್ಲ "ಎಷ್ಟು ಲೀಟರ್ ಹಿಡಿಯುತ್ತೆ?" ಅಂತ ಕೇಳಿದರು. ನಮ್ಮ ಮಹಡಿ ಮೇಲಿನ ಬಾಡಿಗೆಯವಳು ಮಾತ್ರ ಮೆಟ್ಟಿಲ ಮೇಲೆ ನಿಂತು, "ಇದರಲ್ಲಿ ಎಷ್ಟು ಜನ ಹಿಡೀತಾರೆ ಅಕ್ಕಾ?" ಅಂದಳು.

"ಜನ ಅಲ್ಲ ಕಣಮ್ಮಾ, ನೀರು! ಒಳಗೆ ಕೂರಿಸಿ ಊಟ ಹಾಕ್ತೀನಾ ನಿಂಗೆ?" ಅಂತ ನಕ್ಕೆ. ಅವಳು ನಗಲಿಲ್ಲ.

ಅವಳು ಶ್ರೀಲಂಕಾದ ತಮಿಳಿನವಳು. ಅಲ್ಲಿನ ಯುದ್ಧದಿಂದ ತಪ್ಪಿಸಿಕೊಂಡು ಬಂದವಳು ಅನ್ನುವುದಷ್ಟೇ ನಮಗೆ ಗೊತ್ತಿತ್ತು. ಒಬ್ಬಳೇ. ಸೀರೆಗೆ ಫಾಲ್ಸ್ ಹಚ್ಚಿ, ಜಿಗ್‌ಜಾಗ್ ಹೊಲಿದು ಜೀವನ. ಕನ್ನಡ ಬೇಗ ಕಲಿತಿದ್ದಳು. ನನ್ನ ನಾಲ್ಕು ವರ್ಷದ ಮಗಳು ಇಡೀ ದಿನ ಅವಳ ಹೊಲಿಗೆ ಮಿಷನ್ನಿನ ಹತ್ತಿರವೇ ಇರುತ್ತಿದ್ದಳು. ಊರಲ್ಲಿ ಯಾರನ್ನು ಬಿಟ್ಟು ಬಂದೆ ಅಂತ ಮಾತ್ರ ನಾನು ಒಂದು ದಿನವೂ ಕೇಳಿರಲಿಲ್ಲ.

ಒಂದು ಬೆಳಿಗ್ಗೆ ಕಾಂಕ್ರೀಟಿಗೆ ಜಲ್ಲಿ ಬಂತು. ಟಿಪ್ಪರ್‌ನವನು ಹಿಂದಿನ ಬಾಗಿಲು ಬಿಟ್ಟು ಇಡೀ ಲೋಡು ಒಂದೇ ಸಲ ಸುರಿದ. ಧಡಾರ್! ಅಡುಗೆಮನೆಯಿಂದ ಓಡಿ ಬಂದರೆ ಮಗಳಿಲ್ಲ. ಆಗತಾನೆ ಅವಳೂ ಬಾಡಿಗೆಯವಳೂ ಗೇಟಿನ ಹತ್ತಿರ ಹೂ ಕಟ್ಟುತ್ತಾ ಕೂತಿದ್ದರು. ಬಗ್ಗಿ ನೋಡಿದರೆ ಗುಂಡಿಯ ತಳದಲ್ಲಿ! ಮಗು ಕೆಳಗೆ, ಇವಳು ಅದರ ಮೇಲೆ, ಇವಳ ಎರಡು ಬೆರಳು ಮಗುವಿನ ಬಾಯೊಳಗೆ. ಅಯ್ಯೋ ಶಿವನೇ, ನನ್ನ ಮಗಳನ್ನು ಕೊಲ್ಲುತ್ತಿದ್ದಾಳೆ ಅಂದುಕೊಂಡೆ. ಏಣಿ ಇಳಿದೆನೋ ಬಿದ್ದೆನೋ, ಮಗುವನ್ನು ಕಿತ್ತುಕೊಂಡು ಅವಳ ಕೆನ್ನೆಗೆ ಬಾರಿಸಿದೆ. ಎರಡು ಸಲ.

ಅವಳು ಕೈ ಅಡ್ಡ ಹಿಡಿಯಲಿಲ್ಲ. ಮೊಣಕೈ ಕಿತ್ತು ರಕ್ತ ಸುರಿಯುತ್ತಿತ್ತು. ಮಗುವಿಗೆ ಒಂದು ಗೀರೂ ಆಗಿರಲಿಲ್ಲ.

"ಪಾಪು ಬಾಯಿ ತೆರೆದೇ ಇರ್ಲಿ ಅಕ್ಕಾ, ಮುಚ್ಚಿದ್ರೆ ಕಿವಿ ಒಡೆದು ಹೋಗುತ್ತೆ," ಅಂದಳು. "ಇನ್ನೊಂದು ಬೀಳುತ್ತೆ. ನೀವೂ ಕೂತ್ಕೊಳ್ಳಿ. ಜಾಗ ಇದೆ."

"ಜಲ್ಲಿ ಕಣೇ! ಜಲ್ಲಿ ಲೋಡು!" ಅಂತ ಕಿರುಚಿದೆ. ಅವಳು ತಲೆ ಎತ್ತಿ ನೋಡಿದಳು. ಮೇಲೆ ಟಿಪ್ಪರ್‌ನವನು ಬಾಯಿ ಬಿಟ್ಟುಕೊಂಡು ನಿಂತಿದ್ದ.

ಮಧ್ಯಾಹ್ನ ಅವಳ ಮೊಣಕೈಗೆ ಅರಿಶಿನ ಹಚ್ಚುವಾಗ ತಾನಾಗಿಯೇ ಹೇಳಿದಳು. ಅವರೂರಲ್ಲಿ ಮನೆಮನೆಯ ಹಿಂದೆಯೂ ಇಂಥ ಗುಂಡಿ ಇತ್ತಂತೆ, ಬಾಂಬು ಬೀಳುವಾಗ ಅಡಗಿಕೊಳ್ಳಲು. ಆ ದಿನ ಅಕ್ಕಪಕ್ಕದವರೂ ಇವರ ಗುಂಡಿಗೇ ಬಂದು ತುಂಬಿಕೊಂಡಿದ್ದರಂತೆ. "ನನ್ನನ್ನ ಯಾರೋ ಒಳಗೆ ಎಳ್ಕೊಂಡ್ರು. ಮಗಳು ನನ್ನ ಹಿಂದೇನೇ ಇದ್ಳು. ಜಾಗ ಇರ್ಲಿಲ್ಲ ಅಕ್ಕಾ." ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುತ್ತದೆಯೇ? ತಪ್ಪಾಯ್ತು ಅಂತ ಅವಳ ಕೈ ಹಿಡಿದು ಅತ್ತೆ. ಅವಳೇ ನನ್ನನ್ನು ಸಮಾಧಾನ ಮಾಡಿದಳು.

ತಿಂಗಳೊಳಗೆ ಸಂಪು ಸಿದ್ಧವಾಯಿತು. ಮೊದಲ ನೀರು ಬಿಡುವ ದಿನ ಗಂಗೆ ಪೂಜೆ ಇಟ್ಟುಕೊಂಡೆ. ಬೀದಿಯ ಹೆಂಗಸರನ್ನೆಲ್ಲ ಕರೆದು ಅರಿಶಿನ ಕುಂಕುಮ, ಕೋಸಂಬರಿ ಕೊಟ್ಟೆ. ಪೈಪಿನಿಂದ ನೀರು ಧುಮುಕಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಆರತಿ ಮಾಡಲು ಅವಳನ್ನೇ ಕರೆಯೋಣ ಅಂತ ತಿರುಗಿದೆ. ಅವಳು ಬಾಯಿ ತೆರೆದುಕೊಂಡು, ಏರುತ್ತಿದ್ದ ನೀರನ್ನೇ ನೋಡುತ್ತಾ ನಿಂತಿದ್ದಳು.

"ತುಂಬಿಬಿಡ್ತಲ್ಲ ಅಕ್ಕಾ," ಅಂದಳು. "ಇನ್ನು ಪಾಪೂನ ಎಲ್ಲಿ ಬಚ್ಚಿಡೋದು?"