ಕರಿ ಮೋಟಾರಿನ ಗುಳ್ಳೆಗಳು

ಮೋಟಾರು ಬೀದರಿಗೆ ಬಂದ ದಿನ ನಮ್ಮ ಓಣಿಯ ಹೆಂಗಸರೆಲ್ಲ ಅದರ ಬಾಗಿಲಿನಲ್ಲಿ ತಮ್ಮ ಮುಖ ನೋಡಿಕೊಂಡು ಸೆರಗು ಸರಿ ಮಾಡಿಕೊಂಡರು. ಅಷ್ಟು ಕಪ್ಪು, ಅಷ್ಟು ಹೊಳಪು. ನಾನಾಗ ಹೈದರಾಬಾದಿನ ಕಾನ್ವೆಂಟಿನಿಂದ ಬೇಸಿಗೆಯ ಹಾಲಿಡೇಸ್‌ಗೆ ಮನೆಗೆ ಬಂದಿದ್ದೆ. ಫ್ರಾಕು, ಎರಡು ಜಡೆ, ಮಾತಿಗೊಮ್ಮೆ ‘ಪ್ಲೀಸ್’, ‘ಥ್ಯಾಂಕ್ಯೂ’. ಯಾರೂ ನೋಡದಾಗ ಮಡ್‌ಗಾರ್ಡಿಗೆ ಕೆನ್ನೆ ಒತ್ತಿ ನಿಲ್ಲುತ್ತಿದ್ದೆ. ಬೆಳಗಿನ ಹೊತ್ತಿನಲ್ಲಿ ಅದು ನೀರು ತುಂಬಿದ ಕೊಡದ ಹೊಟ್ಟೆಯ ಹಾಗೆ ತಣ್ಣಗಿರುತ್ತಿತ್ತು. ಹೊಸ ವಾರ್ನಿಶ್ಶಿನ ವಾಸನೆ ಎಲ್ಲಿ ಬಂದರೂ ನನಗೆ ಇವತ್ತಿಗೂ ಆ ಅಂಗಳ ನೆನಪಾಗುತ್ತದೆ, ಅಂಗಳದಲ್ಲಿ ಅರಿಶಿನದ ಬಟ್ಟಲು ಹಿಡಿದು ನಿಂತ ನನ್ನ ಅವ್ವ ನೆನಪಾಗುತ್ತಾಳೆ.

ಅಪ್ಪ ಬೀದರಿನ ಕೋರ್ಟಿನಲ್ಲಿ ವಕೀಲರು. ಭಾಲ್ಕಿಯ ಕಡೆ ಹೊಲಗಳಿದ್ದವು. ವಿಲಾಯತಿಯಿಂದ ಹಡಗಿನಲ್ಲಿ ಮುಂಬಯಿಗೆ, ಅಲ್ಲಿಂದ ಹೈದರಾಬಾದಿನ ಏಜೆಂಟನ ಅಂಗಡಿಗೆ ಬಂದ ಮೋಟಾರನ್ನು ತಾವೇ ಹೋಗಿ ತಂದಿದ್ದರು. ಮನೆಯಲ್ಲಿ ಆಳ್ವಿಕೆ ಮಾತ್ರ ಆಯಿಯದು, ಅಂದರೆ ಅಪ್ಪನ ತಾಯಿಯದು. ಅವ್ವನಿಗೆ ನನಗಿಂತ ಮೊದಲು ಎರಡು ಗಂಡು ಹುಟ್ಟಿ ಎರಡೂ ಉಳಿದಿರಲಿಲ್ಲ. ಒಂದು ಹಸುಗೂಸಾಗಿದ್ದಾಗಲೇ ಹೋಗಿತ್ತು, ಇನ್ನೊಂದು ನಡೆಯಲು ಕಲಿತ ಮೇಲೆ ಸಿಡುಬಿನಲ್ಲಿ ಹೋಗಿತ್ತು. ಅಲ್ಲಿಂದ ಆಯಿ ಅವಳ ಕೈಗುಣ ಸರಿಯಿಲ್ಲ ಎಂದು ತೀರ್ಮಾನಿಸಿದ್ದಳು. ಉಪ್ಪಿನಕಾಯಿಯ ಭರಣಿ ಅವ್ವ ಮುಟ್ಟುವಂತಿರಲಿಲ್ಲ. ಬಿತ್ತನೆಯ ಬೀಜ ಅವಳ ಕಣ್ಣೆದುರು ಹಾದುಹೋಗಬಹುದಿತ್ತು, ಕೈಯಿಂದ ಹಾದುಹೋಗುವಂತಿರಲಿಲ್ಲ. ರೊಟ್ಟಿ ಬಡಿಯಬಹುದು, ಪಾತ್ರೆ ತಿಕ್ಕಬಹುದು. ಕೆಡುವಂಥದ್ದನ್ನು ಮುಟ್ಟಬಾರದು.

ಭಾಲ್ಕಿಯಲ್ಲಿ ಒಂದು ಹುಡುಗಿಯನ್ನು ಆಯಿ ನೋಡಿಟ್ಟಿದ್ದಳು, ಅಪ್ಪನಿಗೆ ಎರಡನೆಯ ಸಂಬಂಧವೆಂದು. ಅಪ್ಪ ಇಂಗ್ಲಿಷ್ ಓದಿದವರು, ಮುಂದೆ ನೋಡೋಣ ಅನ್ನುತ್ತಲೇ ದಿನ ದೂಡುತ್ತಿದ್ದರು. ಮೋಟಾರಿನ ಪೂಜೆಯ ದಿನ ಅವರಿಗೆ ಏನೋ ಹುರುಪು ಬಂತು. ಅವ್ವನ ಕಡೆ ಕೈ ತೋರಿಸಿ ಎಲ್ಲರೆದುರು ಆಯಿಗೆ ಅಂದರು:

“ಪೂಜಿ ಆಕಿನೇ ಮಾಡ್ಲಿ. ಆಕಿ ಕೈಲಿಂದೇ ಆಗ್ಲಿ. ಗಾಡಿ ಬರೋಬ್ಬರಿ ನಿಂತ್ರ ನೀ ಮತ್ತ ಭಾಲ್ಕಿ ಹುಡುಗಿ ಮಾತು ತೆಗಿಬ್ಯಾಡ.”

“ಕೆಟ್ರ?” ಎಂದಳು ಆಯಿ.

“ಕೆಟ್ರ ನೀ ಹೇಳ್ದಂಗ ಕೇಳ್ತೇನಿ.”

“ಆತಪ್ಪ. ನೀ ಅಂದಿ, ನಾ ಕೇಳ್ದೆ. ವಕೀಲರ ಮಾತು, ಬರದಿಡೂದೇನು ಬ್ಯಾಡ.”

ಅವ್ವ ಬಾನೆಟ್ಟಿನ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದಳು, ಕುಂಕುಮ ಇಟ್ಟಳು. ಹೊಸ ಎತ್ತು ಮನೆಗೆ ಬಂದಾಗ ಅದರ ಪಕ್ಕೆಗೆ ಒತ್ತುವ ಹಾಗೆ, ಅರಿಶಿನದ ನೀರಿನಲ್ಲಿ ಅಂಗೈ ಅದ್ದಿ ಬಾಗಿಲುಗಳ ಮೇಲೆ ಒತ್ತಿದಳು. ಎಷ್ಟೋ ವರ್ಷದ ಮೇಲೆ ಒಂದು ಹೊಸ ವಸ್ತುವನ್ನು ಮುಟ್ಟುತ್ತಿದ್ದಳು. ಒತ್ತಿದ ಕೈಯನ್ನು ಬೇಗ ತೆಗೆಯಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು, “ನೀಟಾಗಿ ಬಂತೇನು?” ಆ ‘ನೀಟು’ ನಾನೇ ಕಲಿಸಿದ್ದು. ಬಹಳ ನೀಟಾಗಿ ಬಂದಿತ್ತು.

ಮೋಟಾರು ಮೈಲೂರಿಗೆ ಹೋಗಿ ಬಂತು, ಭಾಲ್ಕಿಗೆ ಹೋಗಿ ಬಂತು. ಎಂಜಿನ್ನು ಕೆಮ್ಮಲಿಲ್ಲ, ಟೈರು ಒಡೆಯಲಿಲ್ಲ. ಅವ್ವ ಅಡುಗೆಮನೆಯಲ್ಲಿ ಸಣ್ಣಗೆ ಹಾಡಿಕೊಳ್ಳುವುದು ಕೇಳಿಸತೊಡಗಿತು. ಆಮೇಲೆ ಬಿಸಿಲು ಏರಿತು, ಬಣ್ಣ ಎದ್ದಿತು.

ಮೊದಲು ಬಾಗಿಲಿನ ಮೇಲೆ ಸಾಸಿವೆ ಕಾಳಿನಷ್ಟು, ಆಮೇಲೆ ಕಡಲೆಯಷ್ಟು. ಬಾನೆಟ್ಟಿನ ಮೇಲೂ ಬಂದವು. ಹಪ್ಪಳ ಕಾದ ಎಣ್ಣೆಯಲ್ಲಿ ಉಬ್ಬುವ ಹಾಗೆ ಗುಳ್ಳೆ, ನಡುವೆ ಬೂದಿ ಬಣ್ಣದ ಮಂಕು ಕಲೆ. ನೋಡಲು ಬಂದವರಿಗೆಲ್ಲ ಅಲ್ಲಿ ಐದು ಬೆರಳು ಕಂಡವು. ನನಗೆ ಕಾಣಲಿಲ್ಲ. ‘ಇಲ್ಲಿ ನೋಡ, ಹೆಬ್ಬಟ್ಟು’ ಎಂದು ಕೈಹಿಡಿದು ತೋರಿಸಿದರು, ಆಗ ನನಗೂ ಕಂಡ ಹಾಗಾಯಿತು.

ಅಪ್ಪನ ತಮ್ಮ, ನಮ್ಮ ಕಾಕಾ, ಮಾತಿನಲ್ಲಿ ಬಲು ಹುಷಾರು. ಅವ್ವ ನೀರು ತುಂಬಿಕೊಂಡು ಅಂಗಳ ದಾಟುವಾಗ ಹಲ್ಲುಕಡ್ಡಿ ಜಗಿಯುತ್ತ ಅಂದರು:

“ವೈನಿ, ಮೋಟಾರಿಗಿ ದೇವಿ ಎದ್ದಾಳ ನೋಡ್ರಿ. ಬೇವಿನ ತಪ್ಪಲ ಕಟ್ಟಮು?”

ಸಿಡುಬಿಗೆ ನಮ್ಮಲ್ಲಿ ದೇವಿ ಅನ್ನುತ್ತಾರೆ. ಅವ್ವನ ಎರಡನೆಯ ಮಗನ ತೊಟ್ಟಿಲಿಗೂ ಬೇವು ಕಟ್ಟಿದ್ದರು. ಅವ್ವ ಕೊಡ ಹೊತ್ತು ಹಾಗೆಯೇ ಒಳಗೆ ಹೋದಳು. ಆಯಿ ಮಾತ್ರ ನಕ್ಕಳು. ಆಯಿ ನಗುವುದು ಅಪರೂಪ.

ಅಪ್ಪ ಮೊದಲು ಮನೆಮದ್ದು ಮಾಡಿದರು. ಕುಸುಬೆ ಎಣ್ಣೆ ತಿಕ್ಕಿಸಿದರು, ಗುಳ್ಳೆ ಇನ್ನಷ್ಟು ಹೊಳೆದವು. ಬೂಟ್ ಪಾಲಿಶ್ ಹಚ್ಚಿಸಿದರು, ಮುಟ್ಟಿದವರ ಬಟ್ಟೆಯೆಲ್ಲ ಕರಿಯಾಯಿತು. ಕಾಕಾ ಒಂದು ಗುಳ್ಳೆಯನ್ನು ಸೂಜಿಯಿಂದ ಚುಚ್ಚಿದರೆ ಬಣ್ಣ ಚಕ್ಕೆಯಾಗಿ ಕೈಗೆ ಬಂತು. “ಬಿದರಿ ಹೂಜಿ ಕರಿ ನಮ್ಮ ಮುತ್ತ್ಯಾನ ಕಾಲದಿಂದ ಹಂಗೇ ಅದ,” ಎಂದು ಅಪ್ಪ ಸಿಡುಕಿದರು, “ಈ ಇಂಗ್ಲಿಷ್ ಕರಿ ಒಂದು ಬ್ಯಾಸಗಿ ತಡೀಲಿಲ್ಲ.” ಕೊನೆಗೆ ಹೈದರಾಬಾದಿಗೆ ತಂತಿ ಕೊಟ್ಟರು. ಏಜೆಂಟನ ಕಡೆಯವರು ಬಿಸಿಲಿನಲ್ಲಿ ನಿಲ್ಲಿಸಿದ್ದೀರಿ, ಅರಿಶಿನ ಬಳಿದಿದ್ದೀರಿ, ತಪ್ಪು ನಿಮ್ಮದೇ ಅಂದರು. ಅಪ್ಪ ಕೋರ್ಟಿನ ಧಾಟಿಯಲ್ಲಿ ಉತ್ತರ ಕೊಟ್ಟ ಮೇಲೆ ಒಬ್ಬ ಆಂಗ್ಲೋ ಇಂಡಿಯನ್ ಮೆಕ್ಯಾನಿಕ್ಕನನ್ನು ಕಳಿಸಿದರು. ತಲೆಯ ಮೇಲೆ ಟೋಪಿ, ಬಾಯಲ್ಲಿ ಆರಿದ ಚುಟ್ಟ. ಕೊಟ್ಟ ಮಜ್ಜಿಗೆಯನ್ನು ಮೂಸಿ ನೋಡಿ ಪಕ್ಕಕ್ಕಿಟ್ಟ.

ಅವ್ವ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಅವನ ಮಾತನ್ನು ಆಯಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನದಾಯಿತು. ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷು ಒಮ್ಮೆಯಾದರೂ ಮನೆಗೆ ಉಪಯೋಗಕ್ಕೆ ಬಂತಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ಅವನು ಪೆನ್‌ನೈಫಿನಿಂದ ಒಂದು ಗುಳ್ಳೆ ಎಬ್ಬಿಸಿದ. ಕೆಳಗೆ ತಗಡಿನ ಮೇಲೆ ಕೆಂಪು ತುಕ್ಕು. ಹಿಂದೆ ಸಿಕ್ಕಿಸಿದ್ದ ಸ್ಪೇರ್ ಚಕ್ರವನ್ನು ಬಿಚ್ಚಿ ಕೆಳಗಿಳಿಸಿದ. ಅದರ ಮರೆಯಲ್ಲಿ, ಅಂಗಡಿಯಿಂದ ಬಂದ ಮೇಲೆ ಯಾರ ಕೈಯೂ ತಾಗದ ಜಾಗದಲ್ಲಿ, ಅಂಥವೇ ಗುಳ್ಳೆಗಳು ಗುಂಪಾಗಿ ಎದ್ದಿದ್ದವು.

“ಬ್ಯಾಡ್ ಅಂಡರ್‌ಕೋಟ್,” ಎಂದ. ಮುಂದಿನದನ್ನೆಲ್ಲ ನಾನು ಹೇಳಿದೆ:

“ಆಯಿ, ತಗಡು ಪೂರಾ ಒಣಗೂಕಿಂತ ಮೊದಲೇ ಬಣ್ಣ ಹಚ್ಯಾರಂತ. ಒಳಗ ಪಸಿ ಉಳದದ, ಬಿಸಲಿಗಿ ಅದೇ ಮ್ಯಾಲ ಎದ್ದದ. ಫ್ಯಾಕ್ಟರಿದೇ ಗಲತಿ ಅಂತ. ಅವ್ವಂದು ಏನೂ ಇಲ್ಲ.”

ಕೊನೆಯ ಮಾತು ಅವನು ಹೇಳಿದ್ದಲ್ಲ, ನಾನು ಸೇರಿಸಿದ್ದು. ಬಾಗಿಲ ಹಿಂದೆ ಬಳೆಯ ಸದ್ದಾಯಿತು. ಅಪ್ಪ ಎದ್ದು ನಿಂತು ಆಯಿಯ ಮುಖವನ್ನೇ ನೋಡಿದರು, ಕೇಸು ಗೆದ್ದವರ ಹಾಗೆ.

ಆಯಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. “ಹಿಂಥಾ ಗುಳ್ಳಿ ಎದ್ದ ಗಾಡಿ ಇನ್ನ ಎಷ್ಟು ನೋಡ್ಯಾನ, ಕೇಳು ಅವಂಗ.”

ನಾನು ಕೇಳಿದೆ. ಅವನು ಭುಜ ಹಾರಿಸಿದ. “ದಿಸ್ ಈಸ್ ದಿ ಓನ್ಲಿ ಒನ್, ಮಿಸ್ಸಿ.”

ಇದನ್ನು ಕನ್ನಡಕ್ಕೆ ತರುವ ಅಗತ್ಯ ಬೀಳಲಿಲ್ಲ. ಅವನು ಎತ್ತಿದ ಒಂದು ಬೆರಳೇ ಸಾಕಾಯಿತು.

“ನೋಡಪ್ಪ,” ಎಂದಳು ಆಯಿ, ಅಪ್ಪನಿಗೆ. “ಫ್ಯಾಕ್ಟರ್‍ಯಾಗ ತಪ್ಪಾಗ್ಯದ, ಖರೇ. ನಾ ಇಲ್ಲ ಅನ್ನಲ್ಲ. ಹಡಗ ತುಂಬ ಗಾಡಿ ಬಂದವು. ಅದರಾಗ ಕೆಟ್ಟದ್ದು ಒಂದು. ಆ ಒಂದು ಯಾರ ಬಾಗಲಾ ಹುಡಿಕೊಂಡು ಬಂತು? ಯಾಕ ಬಂತು? ಇದನ್ನ ನಿನ್ನ ಸಾಹೇಬನ ಕೂಡ ಕೇಳು.”

ಕಾನ್ವೆಂಟಿನಲ್ಲಿ ನಮಗೆ ಕಾಸ್ ಅಂಡ್ ಎಫೆಕ್ಟ್ ಎಂದು ಪಾಠವಿತ್ತು. ಆಯಿಯ ಪ್ರಶ್ನೆಗೆ ಆ ಪಾಠದಲ್ಲಿ ಉತ್ತರವಿರಲಿಲ್ಲ. ಎದ್ದು ನಿಂತಿದ್ದ ಅಪ್ಪ ಮತ್ತೆ ಕುಳಿತುಕೊಂಡರು.

ಆದರೂ ಅಪ್ಪ ಒಂದು ದಾರಿ ಹುಡುಕಿದರು. ಮೋಟಾರು ಹೈದರಾಬಾದಿಗೆ ಹೋಗಲಿ, ಇದ್ದ ಬಣ್ಣವನ್ನೆಲ್ಲ ತಗಡಿನವರೆಗೆ ಕೆರೆದು, ಒಣಗಿಸಿ, ಹೊಸದಾಗಿ ಹಚ್ಚಿಸಿ ತರೋಣ. ಆಮೇಲೆ ಗುಳ್ಳೆ ಏಳದಿದ್ದರೆ ಬಣ್ಣದ್ದೇ ದೋಷವೆಂದು ಎಲ್ಲರೂ ಒಪ್ಪಬೇಕು. ಆಯಿ ಕೂಡಲೇ ಒಪ್ಪಿದಳು. ಒಂದು ಷರತ್ತು ಹಾಕಿದಳು: “ಈ ಸಲ ಆಕಿ ಕೈ ಹಚ್ಚಬಾರ್ದು. ಸಣ್ಣ ಸೊಸಿ ಹಚ್ಚಲಿ.” ಅಪ್ಪ ತಲೆಯಾಡಿಸಿದರು. ಆ ಷರತ್ತಿನಲ್ಲಿ ಏನಿದೆಯೆಂದು ಅವರಿಗೆ ಹೊಳೆಯಲಿಲ್ಲವೋ, ಹೊಳೆದೂ ಸುಮ್ಮನಿದ್ದರೋ, ಈ ವಯಸ್ಸಿಗೂ ನಾನು ಬಲ್ಲೆ ಎನ್ನಲಾರೆ.

ಬಣ್ಣ ಚೆನ್ನಾಗಿಯೇ ಹಚ್ಚಿದ್ದರು. ಮೊದಲಿನದಕ್ಕಿಂತ ಆಳವಾದ ಕಪ್ಪು. ಕಾಕು, ಅಂದರೆ ಕಾಕಾನ ಹೆಂಡತಿ, ಅರಿಶಿನದ ಕೈ ಒತ್ತಿದಳು, ಮದುವೆಗೆ ಹೊರಟವಳ ಹಾಗೆ ಅಲಂಕಾರ ಮಾಡಿಕೊಂಡು. ಅವ್ವ ಆ ಹೊತ್ತಿನಲ್ಲಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾನು ಶಾಲೆಗೆ ಹೋದೆ. ಮುಂದಿನ ಬೇಸಿಗೆಗೆ ಮರಳಿದಾಗ ಮೋಟಾರು ಹಾಗೆಯೇ ಹೊಳೆಯುತ್ತಿತ್ತು. ಬಿಸಿಲು ಹಿಂದಿನ ವರ್ಷಕ್ಕಿಂತ ಕೆಟ್ಟದಾಗಿತ್ತು, ಒಂದು ಗುಳ್ಳೆಯೂ ಏಳಲಿಲ್ಲ. ಅಪ್ಪ ದಿನಾ ಸಂಜೆ ಅದರ ಸುತ್ತ ತಿರುಗಿ ಬಾಗಿಲ ಮೇಲೆ ಬೆರಳಾಡಿಸುತ್ತಿದ್ದರು. ನಾನು, ಹುಚ್ಚಿ, ಗೆದ್ದೆವು ಎಂದುಕೊಂಡಿದ್ದೆ.

ಒಂದು ದಿನ ಊಟಕ್ಕೆ ಕುಳಿತಾಗ ಅಪ್ಪ ತಟ್ಟೆ ನೋಡುತ್ತ ಅಂದರು, “ಈ ಸಲ ಏನೂ ಎದ್ದಿಲ್ಲ.”

ಅವ್ವ ರೊಟ್ಟಿ ಹಾಕುತ್ತ ಅಂದಳು, “ಈ ಸಲ ಒಣಗಿಸಿ ಹಚ್ಯಾರಲ್ರಿ.”

“ಹೂಂ. ನಿನ್ನ ಕೈನೂ ಹಚ್ಚಿಲ್ಲ.”

ಅವರು ಸಿಟ್ಟಿನಿಂದ ಹೇಳಿದ್ದಲ್ಲ. ಉಪ್ಪು ಕಡಿಮೆಯಾಗಿದೆ ಅನ್ನುವಷ್ಟೇ ಮೆತ್ತಗೆ ಹೇಳಿದರು. ವಕೀಲರು ತಾವೇ ತಂದ ಸಾಕ್ಷಿ ತಮ್ಮ ಪಕ್ಷದ ವಿರುದ್ಧವೇ ತಿರುಗಿಬಿದ್ದ ಮೇಲೆ ಅದನ್ನು ಒಪ್ಪಿಕೊಂಡಿದ್ದರು, ಅಷ್ಟೆ. ಅವ್ವ ಇನ್ನೊಂದು ರೊಟ್ಟಿ ಹಾಕಿದಳು.

ಅವ್ವನ ತವರು ಔರಾದದ ಕಡೆ, ಚಿಂತಾಕಿಯಲ್ಲಿ. ಭಾಲ್ಕಿಯ ಸಂಬಂಧ ಗಟ್ಟಿಯಾದ ಸುದ್ದಿ ತಿಳಿದು ನನ್ನ ಮಾಮಾ ಬಂಡಿ ಕಟ್ಟಿಕೊಂಡು ಬಂದರು. “ಬಾರವ್ವ, ಎರಡು ರೊಟ್ಟಿ ನಮ್ಮ ಮನ್ಯಾಗೂ ಅವ,” ಅಂದರು. ಅವ್ವ ನನ್ನ ಕಡೆ ನೋಡಿದಳು. “ನಾ ಬಂದ್ರ ಇಕಿ ಸಾಲಿ ಬಿಡಸ್ತಾರ, ಅಣ್ಣ.” ಮಾಮಾ ಆಯಿಗೆ ಕೈಮುಗಿದು ಊಟ ಮಾಡದೆ ಹೊರಟುಹೋದರು.

ಮದುವೆ ಭಾಲ್ಕಿಯಲ್ಲಿ ಹೆಣ್ಣಿನ ಮನೆಯಲ್ಲಿ. ಅಪ್ಪ, ಆಯಿ, ಕಾಕಾ, ಕಾಕು, ನಾನು ಮೋಟಾರಿನಲ್ಲಿ ಹೋದೆವು. ಅವ್ವನನ್ನು ಹಿಂದಿನ ದಿನವೇ ಪಾತ್ರೆಗಳ ಬಂಡಿಯಲ್ಲಿ ಕಳಿಸಿದ್ದರು. ಅವಳು ಬರಲೇಬೇಕಿತ್ತು. ಮೊದಲ ಹೆಂಡತಿ ತನ್ನ ಕೈಯಾರ ಹೊಸಬಳ ಉಡಿ ತುಂಬಬೇಕು, ಆಗ ಯಾರೂ ಮುಂದೆ ಮಾತಾಡಲು ಬರುವುದಿಲ್ಲ ಎಂದು ಮದುವೆ ಮಾಡಿಸುವ ಅಯ್ಯನವರು ಹೇಳಿದ್ದರು.

ಕೈಯಾರ ಎಂಬ ಮಾತು ಬಂದಾಗ ಆಯಿ ತನ್ನ ಪೆಟ್ಟಿಗೆ ತೆಗೆದಳು. ಹಳೆಯ ಸೀರೆಯೊಂದರಿಂದ ಎರಡು ತುಂಡು ಹರಿದು ಅವ್ವನ ಮುಂದೆ ಹಾಕಿದಳು.

“ಇದು ಸುತಗೊಂಡು ತುಂಬು.”

ಅವ್ವ ಒಂದು ಕೈಗೆ ತಾನೇ ಸುತ್ತಿಕೊಂಡಳು. ಇನ್ನೊಂದು ಕೈಗೆ ಕಾಕು ಸುತ್ತಿದಳು, ಬೆರಳು ತಾಗದಂತೆ ತುದಿ ಹಿಡಿದು. ಮುಷ್ಟಿಯೆಲ್ಲ ಬಟ್ಟೆಯ ಉಂಡೆಯಾದ ಮೇಲೆ ಅಕ್ಕಿ ಹಿಡಿಯುವುದು ಹೇಗೆ? ಬೊಗಸೆಯಿಂದ ಅರ್ಧ ಸೋರಿ ಚಾಪೆಯ ಮೇಲೆ ಬಿತ್ತು. ಉತ್ತತ್ತಿ, ಅರಿಶಿನದ ಕೊಂಬು ಜಾರಿ ಉರುಳಿದವು. ನೆರೆದ ಹೆಂಗಸರು ಒಬ್ಬರನ್ನೊಬ್ಬರು ನೋಡಿ ಸೆರಗು ಬಾಯಿಗೆ ಹಿಡಿದರು.

ಮದುಮಗಳು ನನಗಿಂತ ಸ್ವಲ್ಪವೇ ದೊಡ್ಡವಳು. ಬಾಸಿಂಗದ ಭಾರಕ್ಕೆ ಕತ್ತು ಬಗ್ಗಿತ್ತು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಉಡಿಯನ್ನು ಹಿಡಿದುಕೊಂಡು ಮೆಲ್ಲಗೆ ಕೇಳಿದಳು:

“ಅಕ್ಕೋರ, ಕೈ ಸುಟ್ಟಾವೇನ್ರಿ?”

ಅವ್ವ ಅವಳ ಮುಖ ನೋಡಿದಳು. “ಹೂಂ,” ಅಂದಳು. “ಸುಟ್ಟಾವ.”

“ಎಣ್ಣಿ ಹಚ್ಚೀರೇನ್ರಿ? ಇತ್ತ ತರ್ರಿ, ನೋಡ್ತೇನಿ,” ಎಂದು ಆ ಹುಡುಗಿ ಒಂದು ಕೈಯನ್ನು ಉಡಿಯಿಂದ ಬಿಡಿಸಿ ಮುಂದೆ ಚಾಚಿದಳು.

“ಮುಟ್ಟಬ್ಯಾಡ,” ಎಂದಳು ಆಯಿ ಹಿಂದಿನಿಂದ.

ಹುಡುಗಿ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಮುಂದೆ ಆ ಇಬ್ಬರೂ ಒಂದೇ ಸೂರಿನ ಕೆಳಗೆ ಬಹಳ ವರ್ಷ ಬದುಕಿದರು, ಅವಳಿಗೆ ಗಂಡುಮಕ್ಕಳೂ ಆದರು. ಆ ಮಕ್ಕಳಲ್ಲಿ ಯಾರನ್ನೂ ನನ್ನ ಅವ್ವ ಎತ್ತಿಕೊಂಡದ್ದನ್ನು ನಾನು ನೋಡಲಿಲ್ಲ.