ಲಾಳ ಬಿದ್ದ ಕುದುರೆ

ಕುಣಿಗಲ್ ಬಸ್ಸಿನಲ್ಲಿ ಕೂತು ಪಾಳೆಯಗಾರರ ಕಾಲದ ಒಂದು ಪತ್ತೇದಾರಿ ಕಾದಂಬರಿ ಓದುತ್ತಿದ್ದೆ. ಕೊಲೆಗಾರನನ್ನು ಹುಡುಕುವವರು ಒಬ್ಬ ಸೂಲಗಿತ್ತಿ ಮತ್ತು ಒಬ್ಬ ಕಿವುಡ ನಗಾರಿಯವನು. ಅಷ್ಟು ಮಜವಾದ ಜೋಡಿಯನ್ನು ನಾನು ಎಲ್ಲೂ ಓದಿರಲಿಲ್ಲ.

ಕೊಲೆಯಾದ ದಿನ ತಾನು ಊರಲ್ಲೇ ಇರಲಿಲ್ಲ, ಲಾಳ ಬಿದ್ದ ಕುದುರೆಯಲ್ಲೇ ಬಂಡೆಗಳ ಮೇಲೆ ಹತ್ತು ಮೈಲಿ ಹೋಗಿದ್ದೆ ಎಂದು ದಳವಾಯಿ ಹೇಳುತ್ತಿದ್ದ. ಪುಟ ತಿರುಗಿಸಲು ಹೋದರೆ, ಪಕ್ಕದ ಸೀಟಿನ ಬಿಳಿ ಟೋಪಿಯ ಹಿರಿಯರು ಹಾಳೆಯ ಮೇಲೆ ಬೆರಳಿಟ್ಟರು.

"ತಡೀರಿ ಸಾರ್, ನಂದಿನ್ನೂ ಮುಗ್ದಿಲ್ಲ."

ಅವರೂ ಓದುತ್ತಿದ್ದಾರೆಂದು ನನಗೆ ಆಗಲೇ ಗೊತ್ತಾಗಿದ್ದು. ಕಾದೆ. ಮುಗಿಸಿ ತಲೆ ಅಲ್ಲಾಡಿಸಿದರು.

"ಬರೀ ಸುಳ್ಳು. ಲಾಳ ಬಿದ್ದ ಕುದ್ರೆ ಬಂಡೆ ಮೇಲೆ ಅಷ್ಟು ದೂರ ಹೋಗಲ್ಲ. ಮೂವತ್ತು ವರ್ಷ ಲಾಳ ಕಟ್ಟಿದೀನಿ ನಾನು. ದಳವಾಯೀನೇ ಕೊಂದಿರೋದು."

"ಇದು ಕಥೆ ಕಣ್ರೀ."

"ಕಥೆ ಆದ್ರೇನು, ಕುದ್ರೆ ಕುದ್ರೇನೇ ಅಲ್ವಾ?"

"ಅಯ್ಯೋ, ಕೊನೆ ಹೇಳ್ಬೇಡ್ರೀ!" ಎಂದು ಹಿಂದಿನ ಸೀಟಿನಿಂದ ಒಬ್ಬ ಹೆಂಗಸು ಕೂಗಿದರು. ಅವರು ನನ್ನ ಹೆಗಲ ಮೇಲಿಂದ ಓದುತ್ತಿದ್ದರಂತೆ.

ಕುಣಿಗಲ್‌ನಲ್ಲಿ ಅವರಿಬ್ಬರೂ ಜಗಳವಾಡುತ್ತಲೇ ಇಳಿದು ಹೋದರು. ನಾನು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಉಳಿದ ಪುಟಗಳನ್ನು ಮುಗಿಸಿದೆ. ಕೊಲೆಗಾರ ಅರಮನೆಯ ವೈದ್ಯನಂತೆ.

ಪಾಪ, ಆ ಲೇಖಕರಿಗೆ ಅಸಲಿ ಕೊಲೆಗಾರ ಕೊನೆಗೂ ಸಿಗಲಿಲ್ಲ.